ತೋಳನಿಗೂ ಒಂದು ಎಲೆ

(ಮಕ್ಕಳ ವಿಶೇಷಾಂಕದಲ್ಲಿ ನಾವು ಶಿಫಾರಸು ಮಾಡಿದ್ದ ‘ಒಂದಾನೊಂದು ಕಾಲದಲ್ಲಿ ಒಂದು ನಾಯಿ’ ಎಂಬ ರಷ್ಯನ್ ಆನಿಮೇಷನ್ ಕಿರುಚಿತ್ರದ ಬಗ್ಗೆ ಕೊಪ್ಪಳ ಜಿಲ್ಲೆಯ ಶಿಕ್ಷಕರೊಬ್ಬರು ಬರೆದ ಪತ್ರಕ್ಕೆ ಸಂಪಾದಕರ ಉತ್ತರ.)

ಮಾನ್ಯ ಮಾಸ್ತರರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಚಿತ್ರ ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು, ನಿಮಗೆ ಮಾತ್ರ ನಗು ಬರಲಿಲ್ಲ ಎಂದಿದ್ದೀರಿ. ಪುಣ್ಯಕೋಟಿಯ ಹಾಡು ಕಲಿಸಿದ ತರಗತಿಯಲ್ಲೇ ನಾಯಿಯೂ ತೋಳವೂ ಸೇರಿ ಹೂಡುವ ಮೋಸವನ್ನು ಹೇಗೆ ತೋರಿಸಲಿ ಎಂದು ಕೇಳಿದ್ದೀರಿ. ಅದಕ್ಕಿಂತಲೂ ನನ್ನನ್ನು ತಟ್ಟಿದ್ದು ನಿಮ್ಮ ಇನ್ನೊಂದು ಮಾತು: ‘ನಮ್ಮ ಕಡೆ ತೋಳ ಕಥೆಯೊಳಗಿಲ್ಲ, ಕುರಿಹಟ್ಟಿಯ ಹಿಂದಿದೆ. ಅದು ಕೂಸನ್ನು ಕಚ್ಚಿಕೊಂಡು ಓಡುವುದು ನಮಗೆ ತಮಾಷೆಯಲ್ಲ.’

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಇದನ್ನು ದೊಡ್ಡವರು ಜೊತೆಗೆ ಕೂತು ತೋರಿಸಬೇಕು, ಯಾವ ವಯಸ್ಸಿನವರಿಗೆ ಎಂದು ಯೋಚಿಸಬೇಕು ಅಂತ ಬರೆಯಬೇಕಿತ್ತು, ಬರೆಯಲಿಲ್ಲ. ತೋಳ ಮದುವೆಮನೆಯಲ್ಲಿ ಕುಡಿಯುವುದರ ಬಗ್ಗೆ ನಿಮ್ಮ ಆಕ್ಷೇಪ ಸರಿಯಾದದ್ದೇ. ಮುಂದಿನ ಸಂಚಿಕೆಯಲ್ಲಿ ಆ ಸೂಚನೆ ಹಾಕುತ್ತೇವೆ.

ಆದರೆ ಚಿತ್ರವನ್ನು ಪಟ್ಟಿಯಿಂದ ತೆಗೆಯಿರಿ ಎಂದಿದ್ದೀರಲ್ಲ, ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಯಾಕೆಂದು ಹೇಳಬೇಕಾದರೆ, ನೋಡದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಬೇಕು. ಎಡ್ವರ್ಡ್ ನಜಾರೋವ್ 1982ರಲ್ಲಿ ಮಾಸ್ಕೋದ ಸೋಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋಗೆ ಮಾಡಿದ ಹತ್ತು ನಿಮಿಷದ ಚಿತ್ರ ಇದು. ಮೂಲ ಉಕ್ರೇನಿನ ಜನಪದ ಕಥೆ. ಮನೆ ಕಾದು ಕಾದು ಮುದಿಯಾದ ನಾಯಿ. ಒಂದು ರಾತ್ರಿ ಕಳ್ಳ ಬಂದರೂ ಅದರಿಂದ ಏನೂ ಆಗುವುದಿಲ್ಲ. ಮನೆಯವರು ಹೊರಗೆ ಹಾಕುತ್ತಾರೆ. ಕೊರಳಲ್ಲಿ ತುಂಡು ಹಗ್ಗ ನೇತಾಡಿಸಿಕೊಂಡು ಕಾಡಿಗೆ ಹೋದಾಗ ಹಳೆಯ ವೈರಿ ತೋಳ ಎದುರಾಗುತ್ತದೆ. ಅದೂ ಮುದಿಯೇ. ಕೊಲ್ಲುವ ಬದಲು ಅದು ಒಂದು ಉಪಾಯ ಹೇಳುತ್ತದೆ: ಕೊಯ್ಲಿನ ಹೊಲದಲ್ಲಿ ಮಲಗಿಸಿದ ಕೂಸನ್ನು ನಾನು ಎತ್ತಿಕೊಂಡು ಓಡುತ್ತೇನೆ, ನೀನು ಅಟ್ಟಿಸಿಕೊಂಡು ಬಂದು ಬಿಡಿಸಿಕೊಂಡು ಹೋಗು. ಹಾಗೇ ಆಗುತ್ತದೆ. ನಾಯಿಗೆ ಮತ್ತೆ ಮನೆ, ಮತ್ತೆ ಅನ್ನ.

ಇಲ್ಲಿಗೇ ಮುಗಿದಿದ್ದರೆ ನಾನೂ ನಿಮ್ಮ ಪಕ್ಷವೇ. ಆದರೆ ಚಳಿಗಾಲ ಬರುತ್ತದೆ. ಹಿಮದಾಚೆಯಿಂದ ಊಳು ಕೇಳಿಸುತ್ತದೆ. ಮನೆಯಲ್ಲಿ ಮದುವೆಯೂಟ ನಡೆದಿರುವಾಗ ನಾಯಿ ಎದ್ದು ಕಾಡಿಗೆ ಹೋಗುತ್ತದೆ. ಹಸಿದು ಮೂಳೆಯಾದ ತೋಳ ಅದನ್ನು ಕಂಡೊಡನೆ ಆಡುವ ಮೊದಲ ಮಾತು, ‘ಏನು, ಮತ್ತೆಯೋ?’

ಈ ಒಂದೂವರೆ ಮಾತಿಗಾಗಿ ನಾನು ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಇಲ್ಲೇ ಜೋರಾಗಿ ನಗುವುದು. ತೋಳನಿಗೆ ದನಿ ಕೊಟ್ಟ ನಟ ಅರ್ಮೆನ್ ಝಿಗಾರ್ಖಾನ್ಯಾನ್ ಅವರ ಆ ಗೊಗ್ಗರು ದನಿ ಕೇಳಿದರೆ ನಗು ಬರದೆ ಇರುವುದೂ ಕಷ್ಟ. ಆದರೆ ಆ ಮಾತಿನ ಅರ್ಥ ನೋಡಿ. ನಾಯಿಯನ್ನು ಮತ್ತೆ ಹೊರಗೆ ಹಾಕಿದರು ಎಂದುಕೊಂಡಿದೆ ತೋಳ. ತನ್ನ ಹೊಟ್ಟೆ ಬೆನ್ನಿಗೆ ಹತ್ತಿರುವಾಗ ಅದಕ್ಕೆ ಮೊದಲು ಹೊಳೆದದ್ದು ಇನ್ನೊಬ್ಬರ ಕಷ್ಟ. ನಾಯಿ ಕೇಳುವುದು ಇಷ್ಟೇ: ಹಸಿವಾಗಿದೆಯಾ? ಆಮೇಲೆ ಅದನ್ನು ಕರೆದುಕೊಂಡು ಬಂದು, ಮದುವೆಮನೆಯ ಮೇಜಿನ ಕೆಳಗೆ ಅಡಗಿಸಿ, ಒಂದೊಂದೇ ತಂದು ಉಣ್ಣಿಸುತ್ತದೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ನಮ್ಮ ಗಾದೆಯನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ಹಳ್ಳಕ್ಕೆ ಬಿದ್ದ ತೋಳನಿಗೆ ಇಲ್ಲಿ ಪಂಕ್ತಿಯಲ್ಲಿ ಒಂದು ಎಲೆ ಹಾಕಿದ್ದಾರೆ, ಮಾಸ್ತರರೇ. ಹಾಕಿದ್ದು ತೋಳನನ್ನು ಓಡಿಸುವುದೇ ಕೆಲಸವಾಗಿದ್ದ ನಾಯಿ.

ಈಗ ಮೋಸದ ಮಾತು. ಪುಣ್ಯಕೋಟಿ ಹುಲಿಗೆ ಮಾತು ಕೊಡುತ್ತಾಳೆ, ಹುಲಿ ಕಿವಿಗೊಡುತ್ತದೆ, ಒಂದು ಸಲ ನಂಬಿ ಬಿಡುತ್ತದೆ. ಈ ನಾಯಿಯ ಮಾತು ಕೇಳಲು ಆ ಮನೆಯಲ್ಲಿ ಯಾರಿದ್ದರು? ಇಷ್ಟು ವರ್ಷ ಕಾದದ್ದು ಯಾರ ಲೆಕ್ಕದಲ್ಲೂ ಇರಲಿಲ್ಲ. ಕೆಲಸಕ್ಕೆ ಬಂದರೆ ಅನ್ನ, ಬರದಿದ್ದರೆ ಹಗ್ಗ ಬಿಚ್ಚಿ ದಾರಿ. ಅಂಥ ಮನೆಯೊಳಗೆ ಮರಳಿ ಕಾಲಿಡಲು ಅದಕ್ಕೆ ಬೇರೆ ಬಾಗಿಲು ಇರಲಿಲ್ಲ. ಮೋಸ ಸರಿ ಎಂದು ನಾನು ಹೇಳುತ್ತಿಲ್ಲ. ನಾಯಿ ಮೋಸ ಮಾಡಿತೇ ಎಂದು ಮಕ್ಕಳನ್ನು ಕೇಳುವಾಗ, ಮನೆಯವರು ಮಾಡಿದ್ದಕ್ಕೆ ಏನೆನ್ನುತ್ತೀರಿ ಎಂದೂ ಕೇಳಿ.

ನಮ್ಮ ಮನೆಯಲ್ಲೂ ಒಂದು ನಾಯಿ ಇತ್ತು, ಕರಿಯ. ನಾನು ಆರನೇ ತರಗತಿಯಲ್ಲಿದ್ದಾಗ ಅದರ ಕಣ್ಣಿಗೆ ಪೊರೆ ಬಂತು, ಸೊಂಟ ಬಿತ್ತು. ಒಂದು ಸಂತೆಯ ದಿನ ಅಪ್ಪ ಅದನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು, ಬರುವಾಗ ಗಾಡಿಯಲ್ಲಿ ಬೆಲ್ಲದ ಪೆಂಟೆ ಮಾತ್ರ ಇತ್ತು. ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಳದ ಬೇವಿನ ಮರಕ್ಕೆ ಅದನ್ನು ಕಟ್ಟುತ್ತಿದ್ದ ಜಾಗದಲ್ಲಿ ಹಗ್ಗ ಉಜ್ಜಿ ಉಜ್ಜಿ ತೊಗಟೆ ನುಣುಪಾಗಿ, ಬೆರಳಗಲದ ಪಟ್ಟಿ ಬಿದ್ದಿತ್ತು. ಮರ ದಪ್ಪವಾದರೂ ಆ ಪಟ್ಟಿ ಹೋಗಲಿಲ್ಲ. ಚಿತ್ರದ ನಾಯಿಯ ಕೊರಳಿನ ತುಂಡು ಹಗ್ಗ ಕಂಡಾಗ ನನಗೆ ಕಾಣುವುದು ಅದೇ ಪಟ್ಟಿ. ಇಂಥದ್ದನ್ನು ಮಕ್ಕಳೊಂದಿಗೆ ಬಾಯಿಬಿಟ್ಟು ಮಾತಾಡಲು ನಮ್ಮಲ್ಲಿ ಕಥೆಗಳು ಕಡಿಮೆ. ಇದೊಂದು ಸಿಕ್ಕಿದೆ, ಬಿಡಲು ಮನಸ್ಸಿಲ್ಲ.

ಹಾಡಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಚಿತ್ರದಲ್ಲಿ ಕೇಳಿಸುವುದು ಉಕ್ರೇನಿನ ಹಳ್ಳಿಯ ಹಾಡುಗಳು, ಪೋಲ್ತಾವ ಪ್ರಾಂತದ ಕ್ರ್ಯಾಚ್ಕಿವ್ಕ ಎಂಬ ಊರಿನ ‘ದ್ರೆವೊ’ ತಂಡದವರದು. ನಮ್ಮ ಬೀಸುವ ಪದ, ಸೋಬಾನೆ ಪದ ಕೇಳಿ ಬೆಳೆದವರಿಗೆ ಆ ಹೆಂಗಸರ ತೆರೆದ ಕಂಠ ಪರಕೀಯ ಅನ್ನಿಸುವುದಿಲ್ಲ. ಹೊಟ್ಟೆ ತುಂಬಿದ ತೋಳ ‘ಈಗ ಹಾಡ್ತೀನಿ!’ ಎಂದು ಊಳಿಟ್ಟುಬಿಡುತ್ತದೆ, ಮದುವೆಮನೆ ಚೆಲ್ಲಾಪಿಲ್ಲಿ. ಸೈಬೀರಿಯಾದ ತೋಮ್‌ಸ್ಕ್ ನಗರದಲ್ಲಿ 2005ರಲ್ಲಿ ಈ ತೋಳನ ಕಂಚಿನ ಪ್ರತಿಮೆಯನ್ನೇ ನಿಲ್ಲಿಸಿದರು. ಗುಂಡಿ ಒತ್ತಿದರೆ ಅದು ಈ ಮಾತನ್ನು ಹೇಳುತ್ತದೆ. ಉಕ್ರೇನಿನ ಕಥೆ, ಉಕ್ರೇನಿನ ಹಾಡು, ಮಾಸ್ಕೋದ ಸ್ಟುಡಿಯೋ. 2022ರ ಫೆಬ್ರುವರಿಯಲ್ಲಿ ರಷ್ಯಾ ಸೇನೆ ಉಕ್ರೇನಿನೊಳಗೆ ನುಗ್ಗಿದ ಮೇಲೆ ನಾನು ಈ ಚಿತ್ರ ನೋಡುವಾಗ ಹಾಡಿನ ಭಾಗ ಬಂದರೆ ಸುಮ್ಮನೆ ಕೂತುಬಿಡುತ್ತೇನೆ.

ಕೊನೆಗೆ ನಾಯಿ ಎಲ್ಲರೆದುರು ತೋಳನನ್ನು ಅಟ್ಟಿಸಿಕೊಂಡು ಹೋದಂತೆ ಮಾಡಿ ಹಿಮದಲ್ಲಿ ಬೀಳ್ಕೊಡುತ್ತದೆ. ತೋಳ ಹೋಗುತ್ತ ಹೇಳುತ್ತದೆ, ‘ಏನಾದರೂ ಆದರೆ, ಬಾ.’ ಅಷ್ಟೇ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಮರಿ ಕಳೆದುಹೋದಾಗ ನಿಮ್ಮ ಅಜ್ಜ ಕಂಬಳಿ ಕೊಡವಿ ‘ಅದು ತೋಳನ ಪಾಲು’ ಎಂದು ಮುಂದೆ ನಡೆಯುತ್ತಿದ್ದರು ಎಂದು ಬರೆದು, ಅದನ್ನು ಅಲ್ಲೇ ಬಿಟ್ಟುಬಿಟ್ಟಿದ್ದೀರಿ. ಈ ಚಿತ್ರವನ್ನು ನಿಮ್ಮ ಅಜ್ಜ ನೋಡಿದ್ದರೆ ಏನೆನ್ನುತ್ತಿದ್ದರು? ದಯವಿಟ್ಟು ಅವರ ಬಗ್ಗೆ ನಮಗೊಂದು ಲೇಖನ ಬರೆದುಕೊಡಿ. ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಟ್ಟಿರುತ್ತೇನೆ.

— ಸಂ.