ತಮ್ಮನ ಅಪಘಾತ ಪ್ರಕರಣಕ್ಕೆ ಸಮನ್ಸ್ ಬಂದಿದೆ: ದಂಡ ಕಟ್ಟಿ ಮುಗಿಸಬಹುದೇ, ವಕೀಲರು ಬೇಕೇ?

ನಿಮ್ಮ ತಮ್ಮನ ಬೈಕು ತಗುಲಿ ಒಬ್ಬರ ಮೊಣಕೈಗೆ ಪೆಟ್ಟಾಗಿದೆ, ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125(ಎ) (ಅಜಾಗರೂಕತೆಯಿಂದ ಗಾಯಗೊಳಿಸಿದ್ದು) ಕಲಮುಗಳಡಿ ಸಮನ್ಸ್ ಬಂದಿದೆ, ಒಪ್ಪಿಕೊಂಡು ದಂಡ ಕಟ್ಟಿದರೆ ಒಂದೇ ದಿನಕ್ಕೆ ಮುಗಿಯುತ್ತದೆಂದು ಠಾಣೆಯವರು ಹೇಳುತ್ತಿದ್ದಾರೆ, ವಕೀಲರು ಹದಿನೈದು ಸಾವಿರ ಕೇಳುತ್ತಿದ್ದಾರೆ. ಇವೆರಡರಲ್ಲಿ ಯಾವುದು ಲಾಭ ಎಂಬುದು ನಿಮ್ಮ ಪ್ರಶ್ನೆ. ಇದೇ ಲೆಕ್ಕವನ್ನು ನಾನೂ ಹಾಕಿದ್ದೆ. ನ್ಯಾಯಾಲಯದಲ್ಲಿ ನಾನು ಕಟ್ಟಿದ್ದು 1,500 ರೂಪಾಯಿ. ಅದರ ಫಲವಾಗಿ ಕೈಗೆ ಬಂದಿದ್ದ ಸರಕಾರಿ ನೌಕರಿಯ ನೇಮಕಾತಿ ಆದೇಶ ಒಂದು ವರ್ಷಕ್ಕೂ ಹೆಚ್ಚು ಕಾಲ ಕಡತದಲ್ಲೇ ಉಳಿಯಿತು. ನಿಮ್ಮ ತಮ್ಮ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಲ್ಲ, ಅದನ್ನು ನೀವು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ನನ್ನದು 2022ರ ಮಳೆಗಾಲದ ಪ್ರಕರಣ. ತುಮಕೂರು–ಹೊನ್ನಾವರ ಹೆದ್ದಾರಿಯಲ್ಲಿ ಸಂಜೆ ಊರಿಗೆ ಹೋಗುತ್ತಿದ್ದಾಗ, ತೋಟದ ಕಡೆಯ ಮಣ್ಣುರಸ್ತೆಯಿಂದ ಮೊಪೆಡ್ ಒಂದು ಏಕಾಏಕಿ ಹೆದ್ದಾರಿಗೆ ಏರಿತು. ಬ್ರೇಕ್ ಹಾಕಿದೆ, ಆದರೂ ಕಾರಿನ ಎಡಮೂಲೆ ತಗುಲಿ ಸವಾರರು ಬಿದ್ದರು. ನಾನೇ ಅವರನ್ನು ಆಸ್ಪತ್ರೆಗೆ ಸೇರಿಸಿ ಬಿಲ್ಲು ಕಟ್ಟಿದೆ, ನಾನೇ ಠಾಣೆಗೂ ತಿಳಿಸಿದೆ. ಆಗ ಹಳೆಯ ದಂಡ ಸಂಹಿತೆ ಜಾರಿಯಲ್ಲಿದ್ದುದರಿಂದ 279 ಮತ್ತು 337ನೇ ಕಲಮುಗಳಡಿ ಪ್ರಥಮ ವರ್ತಮಾನ ವರದಿ ದಾಖಲಾಯಿತು. 2024ರ ಜುಲೈ 1ರಿಂದ ಆ ಎರಡರ ಜಾಗದಲ್ಲಿ ಬಂದಿರುವುದೇ ನಿಮ್ಮ ಸಮನ್ಸಿನಲ್ಲಿರುವ 281 ಮತ್ತು 125(ಎ). ಗಾಯಾಳು ವಾರದೊಳಗೆ ಓಡಾಡತೊಡಗಿದರು, ನಮ್ಮ ನಡುವೆ ಮನಸ್ತಾಪವೂ ಇರಲಿಲ್ಲ. ಹೀಗಾಗಿ ಮರುವರ್ಷದ ಆರಂಭದಲ್ಲಿ ಸಮನ್ಸ್ ಬಂದಾಗ ನಾನು ಅದನ್ನು ಬಾಕಿ ಉಳಿದ ಒಂದು ಕಾಗದಪತ್ರದ ಕೆಲಸವೆಂದೇ ಭಾವಿಸಿದೆ.

ನ್ಯಾಯಾಲಯದ ಕಾರಿಡಾರಿನಲ್ಲಿ ಕೋರ್ಟ್ ಡ್ಯೂಟಿಯ ಪೇದೆಯೊಬ್ಬರು ಬಹಳ ಸೌಜನ್ಯದಿಂದಲೇ, ‘ವಾಯಿದೆಗೆ ಅಲೆಯುವುದೇಕೆ ಸರ್, ಕೇಳಿದಾಗ ಹೌದು ಎಂದುಬಿಡಿ, ಮಧ್ಯಾಹ್ನದೊಳಗೆ ಊರು ಸೇರುತ್ತೀರಿ’ ಎಂದರು. ಅವರಿಗೆ ನನ್ನ ಮೇಲೆ ದ್ವೇಷವಿರಲಿಲ್ಲ. ಪ್ರಕರಣ ಮುಗಿದರೆ ಅವರಿಗೊಂದು ಕೆಲಸ ಕಡಿಮೆ, ಅಷ್ಟೆ. ಬೆಂಚ್ ಕ್ಲರ್ಕ್ ಹೆಸರು ಕೂಗಿದರು. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’ ಎಂದು ಆರಂಭವಾಗುವ ಆರೋಪವನ್ನು ಓದಿ ಹೇಳಲಾಯಿತು. ತಪ್ಪೊಪ್ಪಿಕೊಳ್ಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದೂ ಕೇಳಿದರು. ಇಲ್ಲವೆಂದೆ, ತಪ್ಪೊಪ್ಪಿಕೊಳ್ಳುತ್ತೇನೆಂದೆ, ತೋರಿಸಿದ ಕಡೆ ಸಹಿ ಹಾಕಿದೆ. ಒಂದು ಕಲಮಿಗೆ ಸಾವಿರ, ಇನ್ನೊಂದಕ್ಕೆ ಐನೂರು. ರಸೀದಿಯನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವಿಮೆಯ ಕಾಗದದ ಜೊತೆ ಇಟ್ಟುಕೊಂಡು ಊರಿಗೆ ಹೋದೆ.

ನನ್ನ ತಪ್ಪು ಯಾವುದೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಅಡಗಿದೆ. ಅದೇ 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಗಳಿಗೆ ಶೇಕಡ 50ರ ರಿಯಾಯಿತಿ ಘೋಷಣೆಯಾಗಿ, ಕೊನೆಯ ದಿನವಾದ 11ರವರೆಗೆ ಜನ ಸರದಿಯಲ್ಲಿ ನಿಂತಿದ್ದು ನಿಮಗೂ ನೆನಪಿರಬಹುದು. ಸಿಗ್ನಲ್ ದಾಟಿದ್ದು, ನಿಲುಗಡೆ ನಿಷೇಧವಿದ್ದ ಕಡೆ ಕಾರು ನಿಲ್ಲಿಸಿದ್ದು ಎಂದು ನನ್ನ ಹೆಸರಿನಲ್ಲಿದ್ದ ಹಳೆಯ ಬಾಕಿಯನ್ನೆಲ್ಲ ಬೆಂಗಳೂರು ಒನ್ ಕೇಂದ್ರದಲ್ಲಿ ಅರ್ಧ ಬೆಲೆಗೆ ತೀರಿಸಿದ್ದೆ. ನ್ಯಾಯಾಲಯದಲ್ಲಿ ಕಟ್ಟಿದ 1,500 ರೂಪಾಯಿಯನ್ನೂ ಮನಸ್ಸಿನಲ್ಲಿ ಅದೇ ಖಾತೆಗೆ ಬರೆದುಕೊಂಡೆ. ಕಾನೂನಿನಲ್ಲಿ ಇವೆರಡಕ್ಕೂ ಸಂಬಂಧವೇ ಇಲ್ಲ. ಹೆಲ್ಮೆಟ್, ಸಿಗ್ನಲ್, ವೇಗದ ಮಿತಿ ಮುಂತಾದವುಗಳಿಗೆ ಪೊಲೀಸರಿಗೆ ಕಟ್ಟುವ ಹಣ ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಡಿ ನಡೆಯುವ ರಾಜಿ. ಹಣ ಕಟ್ಟಿದ ಕೂಡಲೇ ಮುಂದಿನ ಕ್ರಮ ನಿಲ್ಲುತ್ತದೆ, ಯಾವ ನ್ಯಾಯಾಲಯವೂ ನಿಮ್ಮನ್ನು ಅಪರಾಧಿಯೆಂದು ಘೋಷಿಸುವುದಿಲ್ಲ. ನಾನು ಕಟ್ಟಿದ್ದು ರಾಜಿಯ ಹಣವಲ್ಲ. ಅಪರಾಧ ಸಾಬೀತಾಗಿದೆಯೆಂದು ತೀರ್ಮಾನಿಸಿ, ಆರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದ್ದ ಕಲಮಿನಡಿ ನ್ಯಾಯಾಧೀಶರು ವಿಧಿಸಿದ ಶಿಕ್ಷೆ ಅದು. ಮೊತ್ತ ಸಣ್ಣದಾಗಿದ್ದರಿಂದ ವಿಷಯವೂ ಸಣ್ಣದೆಂದುಕೊಂಡೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದವರಿಗೆ ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ಹೊರತು ಬೇರಾವ ಕಾರಣಕ್ಕೂ ಮೇಲ್ಮನವಿಯ ಹಕ್ಕಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಮು ಅದನ್ನೇ ಹೇಳುತ್ತಿತ್ತು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಮೂ ಅದನ್ನೇ ಹೇಳುತ್ತದೆ.

ಮುಂದಿನದು ನೀವು ಊಹಿಸಬಲ್ಲಿರಿ. ಮರುವರ್ಷ ಆಯ್ಕೆಪಟ್ಟಿಯಲ್ಲಿ ಹೆಸರು ಬಂತು. ಪೂರ್ವಾಪರ ಪರಿಶೀಲನೆಯ ನಮೂನೆಯಲ್ಲಿ ಯಾವುದಾದರೂ ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ ಎಂಬ ಅಂಕಣವಿತ್ತು. ಪ್ರಾಮಾಣಿಕವಾಗಿ ಹೇಳುತ್ತೇನೆ, ಮುಚ್ಚಿಡುವ ಉದ್ದೇಶ ನನಗಿರಲಿಲ್ಲ. ಆ ಪ್ರಶ್ನೆ ನನ್ನಂಥವರಿಗಲ್ಲವೆಂದುಕೊಂಡು ‘ಇಲ್ಲ’ ಎಂದು ಬರೆದೆ. ಪೊಲೀಸ್ ವರದಿಯಲ್ಲಿ ಪ್ರಕರಣದ ಸಂಖ್ಯೆ, ಶಿಕ್ಷೆಯಾದ ದಿನಾಂಕ, ದಂಡದ ಮೊತ್ತ ಎಲ್ಲವೂ ಇದ್ದವು. ಅಪಘಾತಕ್ಕಿಂತ ಆ ‘ಇಲ್ಲ’ವೇ ದೊಡ್ಡ ಆರೋಪವಾಯಿತು, ಮಾಹಿತಿ ಮರೆಮಾಚಿದ್ದಕ್ಕೆ ನೇಮಕಾತಿಯನ್ನು ಏಕೆ ರದ್ದುಪಡಿಸಬಾರದೆಂದು ನೋಟಿಸ್ ಬಂತು.

ಕೊನೆಗೂ ವಕೀಲರ ಬಳಿಗೆ ಹೋದದ್ದು ಆಗ, ಅದೂ ನೀವೀಗ ಹಿಂಜರಿಯುತ್ತಿರುವ ಮೊತ್ತಕ್ಕಿಂತ ಹೆಚ್ಚಿನ ಶುಲ್ಕ ಕೊಟ್ಟು. ಅವರು ಮೊದಲು ಮಾಡಿದ ಕೆಲಸವೆಂದರೆ ನನ್ನದೇ ಪ್ರಕರಣದ ದೃಢೀಕೃತ ನಕಲು ತರಿಸಿದ್ದು. ಸ್ಥಳ ಮಹಜರಿನ ನಕಾಶೆಯನ್ನು ನಾನು ನೋಡಿದ್ದು ಅಂದೇ ಮೊದಲು. ಪೊಲೀಸರೇ ಬರೆದ ಆ ನಕಾಶೆಯಲ್ಲಿ ಡಿಕ್ಕಿಯಾದ ಜಾಗದ ಗುರುತು ರಸ್ತೆಯ ನನ್ನ ಬದಿಯ ಅಂಚಿನಲ್ಲಿ, ಮಣ್ಣುರಸ್ತೆ ಸೇರುವ ಬಾಯಿಯಲ್ಲೇ ಇತ್ತು; ನನ್ನ ಕಾರು ತನ್ನ ಬದಿ ಬಿಟ್ಟು ಕದಲಿರಲಿಲ್ಲ. ವೇಗದ ಬಗ್ಗೆ ಸಾಕ್ಷಿಗಳ ಹೇಳಿಕೆಯಲ್ಲಿದ್ದುದು ‘ಜೋರಾಗಿ ಬಂದ’ ಎಂಬ ಮಾತು ಮಾತ್ರ. ವಾಹನ ಜೋರಾಗಿ ಬಂತೆಂಬ ಹೇಳಿಕೆಯೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷ್ಯವಾಗದೆಂದು ಸರ್ವೋಚ್ಚ ನ್ಯಾಯಾಲಯ 1998ರಲ್ಲೇ, ನಮ್ಮ ರಾಜ್ಯದಿಂದಲೇ ಹೋಗಿದ್ದ ‘ಕರ್ನಾಟಕ ರಾಜ್ಯ ವಿರುದ್ಧ ಸತೀಶ್’ ಪ್ರಕರಣದಲ್ಲಿ ಹೇಳಿದೆ ಎಂದು ವಕೀಲರು ತಿಳಿಸಿದರು. ನಾನು ಆ ದಿನ ‘ಇಲ್ಲ’ ಎಂದಿದ್ದರೆ ಖುಲಾಸೆಯಾಗುವ ಸಾಧ್ಯತೆಯೇ ಹೆಚ್ಚಿತ್ತು. ನ್ಯಾಯಾಲಯದಲ್ಲಿ ಹೇಳಬೇಕಾಗಿದ್ದ ‘ಇಲ್ಲ’ವನ್ನು ನಮೂನೆಯಲ್ಲಿ ಬರೆದು, ಹಳ್ಳಕ್ಕೆ ನಾನೇ ನಡೆದುಕೊಂಡು ಹೋಗಿದ್ದೆ.

ನೌಕರಿ ಉಳಿದದ್ದು ಸರ್ವೋಚ್ಚ ನ್ಯಾಯಾಲಯದ 2016ರ ಅವತಾರ್ ಸಿಂಗ್ ತೀರ್ಪಿನ ಆಧಾರದ ಮೇಲೆ. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಲೇಬೇಕು, ಆದರೆ ಮರೆಮಾಚಿದ್ದು ಕ್ಷುಲ್ಲಕ ಅಪರಾಧವಾಗಿದ್ದರೆ ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆಯಿಂದ ಅದನ್ನು ಕಡೆಗಣಿಸಬಹುದು ಎನ್ನುತ್ತದೆ ಆ ತೀರ್ಪು. ನನ್ನ ವಿಷಯದಲ್ಲಿ ವಿವೇಚನೆ ಕೆಲಸ ಮಾಡಿತು, ತಡವಾಗಿ. ಜೊತೆಯಲ್ಲಿ ಆಯ್ಕೆಯಾದವರು ಒಂದು ವಾರ್ಷಿಕ ವೇತನ ಬಡ್ತಿ ಪಡೆದ ಮೇಲೆ ನಾನು ಕರ್ತವ್ಯಕ್ಕೆ ಹಾಜರಾದೆ. ಪೊಲೀಸ್ ಇಲಾಖೆಯ ಹುದ್ದೆಗೆ ಅಷ್ಟೇ ಉದಾರತೆ ಸಿಗುತ್ತದೆಂದು ನಾನಂತೂ ಭರವಸೆ ಕೊಡಲಾರೆ.

ಹೀಗಾಗಿ ಯಾವುದು ಅಗ್ಗ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ತಮ್ಮ ಏನನ್ನು ಒಪ್ಪಿಕೊಳ್ಳಲಿದ್ದಾನೆ ಎಂಬುದು ಅವನಿಗೇ ಗೊತ್ತಿದೆಯೇ? ದೋಷಾರೋಪಣಾ ಪಟ್ಟಿ, ನಕಾಶೆ, ಸಾಕ್ಷಿಗಳ ಹೇಳಿಕೆ, ಗಾಯದ ಪ್ರಮಾಣಪತ್ರ, ಮೋಟಾರು ವಾಹನ ನಿರೀಕ್ಷಕರ ವರದಿ, ಇವಿಷ್ಟರ ನಕಲನ್ನು ಆರೋಪಿಗೆ ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದನ್ನು ಓದುವ ಮುನ್ನ ಹೌದೆಂದೂ ಹೇಳಬಾರದು, ಅಲ್ಲವೆಂದೂ ವಾದಿಸಬಾರದು. ನೀವು ಗೊತ್ತುಮಾಡುವ ವಕೀಲರನ್ನೂ ಇದರಿಂದಲೇ ಅಳೆಯಿರಿ: ಕಾಗದ ನೋಡದೆ ‘ಒಪ್ಪಿಕೊಂಡುಬಿಡೋಣ, ನಾನು ಮಾತಾಡುತ್ತೇನೆ’ ಎನ್ನುವವರಿಗೆ ಹದಿನೈದು ಸಾವಿರವಲ್ಲ, ಹದಿನೈದು ರೂಪಾಯಿಯೂ ಹೆಚ್ಚೇ. ಆ ಮಾತನ್ನು ಕಾರಿಡಾರಿನ ಪೇದೆ ಪುಕ್ಕಟೆಯಾಗಿ ಹೇಳುತ್ತಾರೆ.

ಕಾಗದ ಓದಿದ ಮೇಲೂ ತಪ್ಪು ತಮ್ಮನದೇ ಎಂದು ಕಂಡರೆ, ಅಂದರೆ ಎದುರು ದಿಕ್ಕಿನಲ್ಲಿ ಬಂದಿದ್ದ, ಕೈಯಲ್ಲಿ ಮೊಬೈಲ್ ಇತ್ತು ಎಂಬಂಥ ಸಂಗತಿಯಿದ್ದರೆ, ಒಪ್ಪಿಕೊಳ್ಳುವುದು ಸರಿಯೇ. ಆಗಲೂ ವಕೀಲರ ಅಗತ್ಯವಿದೆ, ಏಕೆಂದರೆ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆ, 1958 ಎಂಬುದೊಂದಿದೆ. ಹಿಂದೆ ಶಿಕ್ಷೆಯಾಗಿರದವರನ್ನು, ಎರಡು ವರ್ಷ ಮೀರದ ಸೆರೆವಾಸವಿರುವ ಅಪರಾಧಗಳಲ್ಲಿ, ದಂಡ ವಿಧಿಸುವ ಬದಲು ಎಚ್ಚರಿಕೆ ಕೊಟ್ಟು ಬಿಡುವ ಅಧಿಕಾರವನ್ನು ಅದರ 3ನೇ ಕಲಮು ನ್ಯಾಯಾಲಯಕ್ಕೆ ಕೊಡುತ್ತದೆ. ಹಾಗೆ ಬಿಡುಗಡೆಯಾದವರಿಗೆ ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆ ತಟ್ಟುವುದಿಲ್ಲವೆಂದು 12ನೇ ಕಲಮು ಹೇಳುತ್ತದೆ. ಕೇಳಿದರೆ ಕೊಡಲೇಬೇಕೆಂದಿಲ್ಲ, ಅದು ನ್ಯಾಯಾಧೀಶರ ವಿವೇಚನೆ. ಆದರೆ ಕೇಳುವವರೇ ಇಲ್ಲದಿದ್ದರೆ ಅದು ಚರ್ಚೆಗೇ ಬರುವುದಿಲ್ಲ. ನನ್ನ ಪ್ರಕರಣದಲ್ಲಿ ಬರಲಿಲ್ಲ. ಇನ್ನು ಗಾಯಾಳುವಿನೊಂದಿಗೆ ರಾಜಿಯಾದರೆ ಸಾಕೆಂದು ನೆಂಟರು ಹೇಳುತ್ತಿದ್ದಾರೆಂದು ಬರೆದಿದ್ದೀರಿ. 125(ಎ) ಕಲಮನ್ನು ನ್ಯಾಯಾಲಯದ ಅನುಮತಿಯೊಂದಿಗೆ ಗಾಯಾಳು ರಾಜಿ ಮಾಡಿಕೊಳ್ಳಬಹುದು, 281 ಹಾಗೆಯೇ ಉಳಿಯುತ್ತದೆ. ಅದನ್ನು ರದ್ದುಪಡಿಸಿಕೊಳ್ಳಲು ಉಚ್ಚ ನ್ಯಾಯಾಲಯಕ್ಕೇ ಹೋಗಬೇಕು. ಪರಿಹಾರದ ಅರ್ಜಿ ಇನ್ನೊಂದು ದಾರಿಯಲ್ಲಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ, ಅಲ್ಲಿ ತಮ್ಮನ ತಪ್ಪೊಪ್ಪಿಗೆಯ ನಕಲು ಮೊದಲ ದಾಖಲೆಯಾಗಿ ಹಾಜರಾಗುತ್ತದೆ. ವಿಮಾ ಕಂಪನಿಗೆ ಇನ್ನೂ ತಿಳಿಸಿಲ್ಲವಾದರೆ ಇಂದೇ ಲಿಖಿತವಾಗಿ ತಿಳಿಸಿ.

ಹಣವೇ ಅಡ್ಡಿಯಾಗಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಆದಾಯ ಮಿತಿಯೊಳಗಿರುವವರು ಉಚಿತ ವಕೀಲರಿಗೆ ಅರ್ಹರು. ಆರೋಪಿ ನಿಮ್ಮ ತಮ್ಮನಾದ್ದರಿಂದ ಅವನ ಅರ್ಹತೆಯನ್ನು ನೋಡುತ್ತಾರೆ, ನಿಮ್ಮದನ್ನಲ್ಲ. ಓದುತ್ತಿರುವ, ಸಂಪಾದನೆಯಿಲ್ಲದ ಹುಡುಗನಿಗೆ ಸಿಗುವ ಸಾಧ್ಯತೆಯಿದೆ.

ಎಲ್ಲದಕ್ಕೂ ವಕೀಲರನ್ನು ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ ಬಂದ ನೋಟಿಸಿಗೆ ವಕೀಲರ ಬಳಿ ಹೋಗುವುದು ಹುಚ್ಚುತನ, ಕಟ್ಟಿಬಿಡಿ. ಕ್ಯಾಮೆರಾ ಬೇರೆಯವರ ನಂಬರನ್ನು ನಿಮ್ಮದೆಂದು ಓದಿದ್ದರೆ ಆ ಫೋಟೊ ತರಿಸಿ ನೋಡಿ, ಸಂಚಾರ ಪೊಲೀಸರಿಗೇ ಬರೆದು ದೂರು ಕೊಡಿ. ಕುಡಿದು ಚಾಲನೆ ಮಾಡಿದ ಪ್ರಕರಣ ಮಾತ್ರ ಬೇರೆ ಜಾತಿಯದು: ಮೋಟಾರು ವಾಹನ ಕಾಯ್ದೆಯ 185ನೇ ಕಲಮು 200ರ ರಾಜಿಪಟ್ಟಿಯಲ್ಲಿ ಇಲ್ಲವಾದ್ದರಿಂದ ಅದು ನ್ಯಾಯಾಲಯಕ್ಕೇ ಹೋಗುತ್ತದೆ, ಅಲ್ಲಿ ಕಟ್ಟುವ ಹತ್ತು ಸಾವಿರವೂ ನನ್ನ 1,500ರಂತೆ ಶಿಕ್ಷೆಯೇ.

ಈಗ ಮಾಡಬೇಕಾದ್ದು ಇಷ್ಟು. ಸಮನ್ಸಿನಲ್ಲಿರುವ ದಿನ ತಮ್ಮ ತಪ್ಪದೆ ಹಾಜರಾಗಲಿ, ಗೈರಾದರೆ ವಾರಂಟ್ ಹೊರಡುತ್ತದೆ. ಜಾಮೀನಿಗೆ ಅರ್ಹವಾದ ಅಪರಾಧವಾದ್ದರಿಂದ ಹೆದರಬೇಕಿಲ್ಲ. ಶ್ಯೂರಿಟಿಗೆ ಒಬ್ಬರನ್ನು, ಅವರ ಆಧಾರ್ ಮತ್ತು ಪಹಣಿಯೊಂದಿಗೆ ಕರೆದೊಯ್ಯಲಿ. ಆರೋಪ ಓದಿ ಕೇಳಿದಾಗ, ದಾಖಲೆಗಳ ನಕಲು ಬಂದಿಲ್ಲ, ವಕೀಲರನ್ನು ನೇಮಿಸಿಕೊಳ್ಳಲು ಸಮಯ ಬೇಕು ಎಂದಷ್ಟೇ ಹೇಳಲಿ. ಪರೀಕ್ಷೆಯ ಅರ್ಜಿಯಲ್ಲಿ ಬಾಕಿ ಪ್ರಕರಣದ ಅಂಕಣವಿದ್ದರೆ ಪ್ರಕರಣದ ಸಂಖ್ಯೆ, ಕಲಮು, ನ್ಯಾಯಾಲಯದ ಹೆಸರನ್ನು ಬರೆದು, ಆ ಪುಟದ ನಕಲೊಂದನ್ನು ಮನೆಯಲ್ಲಿಟ್ಟುಕೊಳ್ಳಲಿ.