ಗ್ಲೋಮಿಂಗ್ ಎಂದರೆ ಯಾವ ಹೊತ್ತು?

ಗ್ಲೋಮಿಂಗ್ ಎಂಬ ಇಂಗ್ಲಿಷ್ ಪದದ ಅರ್ಥವೇನು, ಅದು ಕತ್ತಲೆ, ಮಬ್ಬು ಎಂಬರ್ಥದ ಗ್ಲೂಮ್ ಎಂಬುದರಿಂದ ಬಂದದ್ದೇ ಎಂದು ಕೇಳಿದ್ದೀರಿ. ಸೂರ್ಯ ಮುಳುಗಿದ ಮೇಲೆ, ಕತ್ತಲು ಪೂರ್ತಿ ಕವಿಯುವ ಮುನ್ನ ಉಳಿಯುವ ಬೆಳಕಿನ ಹೊತ್ತೇ ಗ್ಲೋಮಿಂಗ್; ನಮ್ಮ ಮುಸ್ಸಂಜೆ. ಮಂಡ್ಯದ ಹಳ್ಳಿಗಳಲ್ಲಿ ಹಿರಿಯರು ಬೈಗು ಎನ್ನುವುದೂ ಇದಕ್ಕೆ ಹತ್ತಿರದ್ದೇ.

ಹಳೆಯ ಇಂಗ್ಲಿಷಿನ ಗ್ಲೋಮುಂಗ್ ಇದರ ಮೂಲ. ಅದು ಮುಸ್ಸಂಜೆ ಎಂಬರ್ಥದ ಗ್ಲೋಮ್‌ನಿಂದ ಹುಟ್ಟಿದ್ದು, ಕೆಂಡದಂತೆ ಹೊಳೆಯುವುದನ್ನು ಹೇಳುವ ಗ್ಲೋ ಎಂಬ ಪದಕ್ಕೆ ಬಂಧುವೆಂದು ನಿರುಕ್ತಕಾರರು ಹೇಳುತ್ತಾರೆ. ಆದ್ದರಿಂದ ಈ ಪದದ ಒಡಲಲ್ಲಿರುವುದು ಕತ್ತಲೆಯಲ್ಲ, ಆರುತ್ತಿರುವ ಬೆಳಕು. ನನಗೆ ಇದು ಬಹಳ ಪ್ರಿಯವಾದ ಸಂಗತಿ. ಗ್ಲೂಮ್ ಎಂಬುದಕ್ಕೆ ಮೊದಲಿದ್ದ ಅರ್ಥ ಮುಖ ಗಂಟಿಕ್ಕುವುದು. ಕತ್ತಲೆಯ ಅರ್ಥ ಆಮೇಲಿನದು.

ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ಮರೆಯಾಗಿದ್ದ ಈ ಪದವನ್ನು ಸ್ಕಾಟ್ಲೆಂಡಿನ ಜನ ಉಳಿಸಿಕೊಂಡರು. 18ನೆಯ ಶತಮಾನದ ಕೊನೆಯಲ್ಲಿ ರಾಬರ್ಟ್ ಬರ್ನ್ಸ್ ಮೊದಲಾದ ಅಲ್ಲಿನ ಕವಿಗಳಿಂದಾಗಿ ಅದು ಮತ್ತೆ ಸಾಹಿತ್ಯದ ಇಂಗ್ಲಿಷಿಗೆ ಬಂತು. ಮೈಸೂರಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ, ಚಾಮುಂಡಿ ಬೆಟ್ಟದ ಅಂಚು ಸ್ಪಷ್ಟವಾಗಿ ಕಾಣುವಷ್ಟು ಬೆಳಕು 20–25 ನಿಮಿಷಗಳಲ್ಲಿ ಕರಗುತ್ತದೆ. ಉತ್ತರದ ಸ್ಕಾಟ್ಲೆಂಡಿನಲ್ಲಿ ಅವನು ಓರೆಯಾಗಿ ಜಾರುವುದರಿಂದ ಬೇಸಿಗೆಯ ಮುಸ್ಸಂಜೆ ಬಹಳ ಹೊತ್ತು ನಿಲ್ಲುತ್ತದೆ.