‘ಅರವತ್ತೆರಡು ಅಂದ್ರ ಪಾಸಲ್ರೀ?’

ಹುಡುಗನೊಬ್ಬನ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ಗಂಗಾವತಿ ಕಡೆಯ ಹಳ್ಳಿ. ಭತ್ತದ ನಾಟಿ ಜೋರಾಗಿದ್ದ ದಿನಗಳು. ಒಂದು ದಿನದ ಕೂಲಿ ಬಿಟ್ಟು ಆಕೆ ನನ್ನ ಬಳಿ ಬಂದಿದ್ದರು, ಜೊತೆಗೆ ಹನ್ನೆರಡು ವರ್ಷದ ಮಗ. ಬಟ್ಟೆ ಅಂಗಡಿಯ ಕ್ಯಾರಿಬ್ಯಾಗಿನಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ನಮ್ಮ ಮನಿ ವಿಷಯ ಊರಾಗೆಲ್ಲ ಗೊತ್ತಾತ್ರಿ. ಇನ್ನ ಯಾರಿಗೂ ಏನೂ ಕೊಡಂಗಿಲ್ಲ. ಆ ಅಂಗವಿಕಲ ಸರ್ಟಿಫಿಕೇಟ್ ಸೈತ ಹರದು ಹಾಕ್ತೀನ್ರಿ.”

ಆಗಿದ್ದಿಷ್ಟು. ತಪಾಸಣಾ ಶಿಬಿರಕ್ಕೆ ಹೆಸರು ಕಳಿಸಬೇಕು ಅಂತ ಶಾಲೆಯಲ್ಲಿ ಹುಡುಗನ ಬುದ್ಧಿಮಟ್ಟ ಪರೀಕ್ಷೆಯ ವರದಿ ಕೇಳಿದರು. ತಾಯಿ ಇದ್ದ ಐದೂ ಪುಟ ಕೊಟ್ಟರು. ಶಿಕ್ಷಕರೊಬ್ಬರು ಫೋಟೋ ಹೊಡೆದು ಮೇಲಿನವರಿಗೆ ಕಳಿಸಲು ಹೋಗಿ, ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿಬಿಟ್ಟರು. ಸಂಜೆಯೊಳಗೆ ಅಳಿಸಿದರು, ನಿಜ. ಅಷ್ಟರಲ್ಲಿ ನೋಡುವವರು ನೋಡಿ ಆಗಿತ್ತು.

ಐಕ್ಯೂ 62 ಅನ್ನೋದು ಮೊದಲ ಪುಟ. ಆಕೆಗೆ ಜಾಸ್ತಿ ಚುಚ್ಚಿದ್ದು ಎರಡನೆಯದು. ಸೋದರಮಾವನ ಜೊತೆ ಮದುವೆ, ಎರಡು ಸಲ ಗರ್ಭ ನಿಲ್ಲದ್ದು, ಗಂಡನ ಕುಡಿತ. ಪರೀಕ್ಷೆ ಮಾಡಿದವರು ಬಾಗಿಲು ಹಾಕಿ ಕೇಳಿದ್ದಕ್ಕೆ ಹೇಳಿಕೊಂಡ ಮಾತುಗಳು. ಶಿಬಿರದ ಪಟ್ಟಿಗೆ ಅವೆಲ್ಲ ಯಾಕೆ ಬೇಕಿತ್ತು?

ಅಲ್ಲಿವರೆಗೆ ನನ್ನ ಸ್ಟೇಪ್ಲರ್ ಜೊತೆ ಆಡುತ್ತಿದ್ದ ಹುಡುಗ ತಲೆ ಎತ್ತಿದ. “ಮೇಡಂ, ಎಲ್ಲಾರೂ ನನಗ ಅರವತ್ತೆರಡು ಅಂತ ಕರೀತಾರ್ರಿ. ಅರವತ್ತೆರಡು ಅಂದ್ರ ಪಾಸಲ್ರೀ?”

ಮೂವತ್ತೈದು ಬಂದರೆ ಸಾಕು ಅಂತ ಕೇಳಿ ಬೆಳೆದವನು. ಅವನ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. “ಅದು ಮಾರ್ಕ್ಸ್ ಅಲ್ಲಪ್ಪ, ನಿನಗೆ ನಿಧಾನಕ್ಕೆ ಹೇಳಿಕೊಡಬೇಕು ಅಂತ ಟೀಚರಿಗೆ ಬರೆದ ಚೀಟಿ” ಎಂದೆ. ಅವನು ಒಪ್ಪಿದ ಹಾಗೆ ಕಾಣಲಿಲ್ಲ.

ಸರ್ಟಿಫಿಕೇಟ್ ಮಾತ್ರ ಹರಿಯಬೇಡಿ ಎಂದು ತಾಯಿಗೆ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಬೌದ್ಧಿಕ ನ್ಯೂನತೆಯೂ ಒಂದು. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ ಕೇಳಲು ಆ ಕಾಗದ ಬೇಕು. ಶಾಲೆಗೆ ಏನೂ ಹೇಳದಿದ್ದರೆ ಇಂಥ ಮಕ್ಕಳಿಗೆಂದೇ ತಾಲ್ಲೂಕಿನಲ್ಲಿರುವ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ನೆರವೂ ಅವನಿಗೆ ಸಿಗಲ್ಲ. ಆದರೆ ಸರ್ಟಿಫಿಕೇಟ್ ಬೇರೆ, ವರದಿ ಬೇರೆ. ಸರ್ಟಿಫಿಕೇಟಿನಲ್ಲಿ ನ್ಯೂನತೆಯ ಬಗೆ, ಶೇಕಡಾ ಎಷ್ಟು ಅನ್ನೋದು ಇರುತ್ತದೆ, ಮನೆಯ ಕಥೆ ಇರಲ್ಲ. ಸೌಲಭ್ಯಕ್ಕೆ ಸಾಮಾನ್ಯವಾಗಿ ಅಷ್ಟು ಸಾಕು. ಪಾಠ ಹೇಳುವವರಿಗೆ ಸಲಹೆಗಳಿರುವ ಕೊನೆಯ ಪುಟ ಕೊಡಿ. ಎರಡನೇ ಪುಟ ಮನೆಯ ಟ್ರಂಕಿನಲ್ಲೇ ಇರಲಿ.

ಇನ್ನು ಮುಂದೆ ಯಾರೇ ಕೇಳಿದರೂ, ಯಾತಕ್ಕೆ ಬೇಕು, ಆಮೇಲೆ ಎಲ್ಲಿಡ್ತೀರಿ ಎಂದು ಕೇಳಿ. ಜೆರಾಕ್ಸ್ ಮೇಲೆ ಅಡ್ಡಲಾಗಿ ‘ಶಿಬಿರಕ್ಕೆ ಮಾತ್ರ’ ಎಂದು ಬರೆದು ತಾರೀಕು ಹಾಕಿ.

ಹುಡುಗನ ದೊಡ್ಡಪ್ಪ ಕೇಸ್ ಹಾಕೋಣ ಅಂತಿದ್ದರಂತೆ. ಹಕ್ಕೇನೋ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ಅರ್ಜಿ ಹಾಕಿದ್ದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಆದರೆ ಆ ಊರಿಗೆ ಇರೋದೊಂದೇ ಶಾಲೆ, ಹುಡುಗ ನಾಳೆ ಅಲ್ಲಿಗೇ ಹೋಗಬೇಕಲ್ವಾ? ಮೊದಲು ಮುಖ್ಯ ಶಿಕ್ಷಕರಿಗೆ ಪತ್ರ ಸಾಕು ಎಂದೆ. ಫೋಟೋ ಇಳಿಸಿಕೊಂಡವರು ಅಳಿಸಲಿ ಎಂದು ಗ್ರೂಪಿನಲ್ಲಿ ತಿಳಿಸಬೇಕು. ಮಕ್ಕಳ ವರದಿ ಬೀರುವಿನಲ್ಲಿ ಬೀಗದೊಳಗೆ ಇರಬೇಕು. ಅಡ್ಡಹೆಸರು ಕರೆಯುವುದನ್ನು ತರಗತಿಯಲ್ಲಿ ನಿಲ್ಲಿಸಬೇಕು. ಎರಡು ಪ್ರತಿ ಬರೆದೆವು, ಒಂದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ ಎಂದೆ.

ನನ್ನದೂ ಒಂದು ತಪ್ಪಿದೆ. ನಮ್ಮ ಒಪ್ಪಿಗೆ ಪತ್ರದಲ್ಲಿ ‘ಮಾಹಿತಿ ಹಂಚಿಕೊಳ್ಳಲು ಒಪ್ಪಿದ್ದೇನೆ’ ಅನ್ನೋ ಒಂದೇ ಸಾಲಿತ್ತು. ಯಾರ ಜೊತೆ, ಯಾವ ಪುಟ ಅಂತ ಇರಲಿಲ್ಲ. ಎಷ್ಟೋ ತಾಯಂದಿರ ಹೆಬ್ಬೆಟ್ಟು ಅದರ ಮೇಲೆ ಸುಮ್ನೆ ಒತ್ತಿಸಿಕೊಂಡಿದ್ದೇನೆ. ಈಗ ಒಂದೊಂದನ್ನೂ ಓದಿ ಹೇಳಿ, ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಕೇಳುತ್ತೇನೆ.

ತಿಂಗಳ ನಂತರ ಮತ್ತೆ ಬಂದರು. ಸೀಲು ಬಿದ್ದಿತ್ತು. ಗ್ರೂಪಿನಲ್ಲಿ ಶಿಕ್ಷಕರು ಕ್ಷಮೆ ಕೇಳಿದ್ದರಂತೆ. ಇಬ್ಬರು ಹುಡುಗರು ಮಾತ್ರ ಇನ್ನೂ ಅರವತ್ತೆರಡು ಅಂತಲೇ ಕರೆಯುತ್ತಾರೆ. ಸರ್ಟಿಫಿಕೇಟಿನ ಪ್ರತಿ ಬೇಕಿತ್ತು, ಎದುರಿನ ಜೆರಾಕ್ಸ್ ಅಂಗಡಿಗೆ ಜೊತೆಯಲ್ಲೇ ಹೋದೆವು. ಮೊದಲ ಹಾಳೆ ಸೊಟ್ಟ ಬಂತು, ಅಂಗಡಿಯವನು ಮುದುಡಿ ಬುಟ್ಟಿಗೆ ಎಸೆದ. ಆಕೆ ಕೈ ಚಾಚಿ ನಿಂತರು. “ಅದನ್ನೂ ಇತ್ತ ಕೊಡಪಾ.”